ಯಾವ ಜಿಪಿಎಸ್ ತಗೊಳ್ಲಿ ಗುರು?

ಮೂರು ದಿನ ಒಟ್ಟಿಗೆ ರಜೆ ಸಿಕ್ಕಿತು ಅಂದ್ರೆ ಆಫೀಸಿನಲ್ಲಿ ಯಾರಾದರೊಬ್ಬರು ನನ್ನ ಡೆಸ್ಕಿನ ಹತ್ತಿರ ಬಂದೇ ಬರ್ತಾರೆ. "ಗುರು, ನಿಮ್ಮ ಚಿತ್ರದುರ್ಗದ ಕಡೆ ಹೊರಟಿದೀವಿ. ಕೋಟೆ ನೋಡ್ಬೇಕು, ವಾಣಿವಿಲಾಸ ಸಾಗರ ನೋಡ್ಬೇಕು, ಹಾಗೇ ಒಂದೆರಡು ಹಳ್ಳಿ ಸುತ್ತಬೇಕು. ಒಳ್ಳೇ ಜಿಪಿಎಸ್ ಒಂದು ಹೇಳು. ಬಜೆಟ್ ಹದಿನೈದು ಸಾವಿರ."

ನೋಡಿ, ಬಜೆಟ್ ಆಗಲೇ ನಿಗದಿಯಾಗಿದೆ. ಏನು ಬೇಕು ಅನ್ನೋದು ಇನ್ನೂ ಗೊತ್ತಿಲ್ಲ. ಸಂತೇಲಿ ಎತ್ತು ಕೊಳ್ಳೋಕೆ ಹೋಗುವ ನಮ್ಮೂರಿನ ರೈತ ಹೀಗೆ ಮಾಡಲ್ಲ. ಉಳೋಕಾ, ಗಾಡಿಗಾ, ಎರೆ ಹೊಲಕ್ಕಾ, ಕೆಂಪು ಹೊಲಕ್ಕಾ ಅಂತ ಯೋಚಿಸಿ ಆಮೇಲೆ ಹಲ್ಲು ಎಣಿಸ್ತಾನೆ. ಬಿಇ ಓದಿದ ನಾವು ಮೊದಲು ರೇಟಿಂಗ್ ನೋಡ್ತೀವಿ, ಆಮೇಲೆ ಡಿಸ್ಕೌಂಟ್ ನೋಡ್ತೀವಿ, ಡಬ್ಬಿ ಮನೆಗೆ ಬಂದ ಮೇಲೆ ಅದಕ್ಕೊಂದು ಕೆಲಸ ಹುಡುಕ್ತೀವಿ.

ಆ ಪ್ರಶ್ನೆಗೆ ನನ್ನ ಉತ್ತರ ಇದು. ಸ್ವಲ್ಪ ಖಾರವಾಗಿಯೇ ಇರುತ್ತೆ. ಯಾಕಂದ್ರೆ ಈ ವಿಷಯದಲ್ಲಿ ನಾನು ದುಡ್ಡು ಕಳಕೊಂಡಿದ್ದೀನಿ. ದುಡ್ಡಿಗಿಂತ ಹೆಚ್ಚಿನದನ್ನೂ ಕಳಕೊಂಡಿರಬಹುದು.

ದುಡ್ಡಿನ ಕತೆ ಮೊದಲು. 2012ರಲ್ಲಿ ಕೈಗೆ ಬೋನಸ್ ಬಂದಾಗ ಹನ್ನೊಂದು ಸಾವಿರ ಕೊಟ್ಟು ಕಾರಿನ ಗಾಜಿಗೆ ಅಂಟಿಸೋ ಒಂದು ನ್ಯಾವಿಗೇಶನ್ ಡಬ್ಬಿ ತಗೊಂಡೆ. ಐದಿಂಚಿನ ಸ್ಕ್ರೀನು, ಇಂಗ್ಲಿಷಿನಲ್ಲಿ ಮಾತಾಡೋ ಹೆಂಗಸಿನ ದನಿ. ಮೊದಲ ಸಲ ಊರಿಗೆ ಹೊರಟಾಗ ದಾರಿ ನನಗೆ ಬಾಯಿಪಾಠವಾಗಿದ್ದರೂ ಗತ್ತಿಗೆ ಅಂತ 'ಹೊಸದುರ್ಗ' ಟೈಪ್ ಮಾಡಿದೆ. ಇಂಗ್ಲಿಷ್ ಸ್ಪೆಲ್ಲಿಂಗಿನಲ್ಲಿ ಕೊನೆಯ 'ಎ' ಬಿಟ್ಟುಹೋಗಿತ್ತು. ಡಬ್ಬಿ ಸ್ವಲ್ಪವೂ ಅನುಮಾನಪಡದೆ ಪಶ್ಚಿಮಘಟ್ಟ ಇಳಿಸಿ ಕೇರಳಕ್ಕೆ ದಾರಿ ತೋರಿಸ್ತು! ಕಾಸರಗೋಡು ಜಿಲ್ಲೆಯ ಕಾಞಂಗಾಡಿನಲ್ಲೂ ಒಂದು ಹೊಸದುರ್ಗ ಇದೆ, ಕೆಳದಿ ನಾಯಕರ ಕಾಲದ ಕೋಟೆ. ಅಲ್ಲಿನವರು ಇಂಗ್ಲಿಷಿನಲ್ಲಿ ಬರೆಯೋದು ಆ 'ಎ' ಇಲ್ಲದೇನೇ. ಡಬ್ಬಿಯ ತಪ್ಪೇನೂ ಇಲ್ಲ. ಸ್ಪೆಲ್ಲಿಂಗ್ ಸರಿಮಾಡಿ ಹೊಸದುರ್ಗ ಪೇಟೆ ತಲುಪಿದ ಮೇಲೆ ಅಲ್ಲಿಂದ ಮುಂದಕ್ಕೆ ನಮ್ಮ ಹಟ್ಟಿಯ ದಾರಿ ಕೇಳಿದರೆ ಸ್ಕ್ರೀನಿನಲ್ಲಿ ಬರೀ ಬೂದಿಬಣ್ಣ. ಒಂದು ಗೆರೆ ಕೂಡ ಇಲ್ಲ. ಪಕ್ಕದಲ್ಲಿ ಕೂತಿದ್ದ ಅಪ್ಪ ಕೇಳಿದ್ದು ಒಂದೇ ಮಾತು: "ಇದಕ್ಕೆ ಎಷ್ಟು ಕೊಟ್ಟೆ?"

ಆ ಡಬ್ಬಿ ಈಗಲೂ ಬೀರುವಿನಲ್ಲಿದೆ. ಮ್ಯಾಪ್ ಅಪ್‌ಡೇಟ್‌ಗೆ ಮತ್ತೆ ದುಡ್ಡು ಕೇಳ್ತು, ನಾನು ಕೊಡಲಿಲ್ಲ.

ಅವತ್ತು ನನಗೆ ಅರ್ಥವಾಗದ, ಇವತ್ತಿಗೂ ಅಂಗಡಿಯವನು ಹೇಳದ ವಿಷಯ ಸರಳವಾದದ್ದು. ನಾವು ಜಿಪಿಎಸ್ ಅಂತ ಕರೆಯೋ ವಸ್ತುವಿನಲ್ಲಿ ಮೂರು ಬೇರೆ ಬೇರೆ ಕೆಲಸ ಸೇರಿಕೊಂಡಿವೆ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಿರುವ ಉಪಗ್ರಹಗಳಲ್ಲಿ ಕನಿಷ್ಠ ನಾಲ್ಕರ ಸಂಕೇತ ಕೇಳಿಸಿಕೊಂಡು 'ನೀನು ಇಲ್ಲಿದ್ದೀಯ' ಅಂತ ಎರಡು ಸಂಖ್ಯೆ ಕೊಡೋದು ರಿಸೀವರ್ ಕೆಲಸ. ಆ ಸಂಖ್ಯೆ ಇರುವ ಜಾಗದಲ್ಲಿ ಯಾವ ಊರು, ಯಾವ ರಸ್ತೆ ಅಂತ ಹೇಳೋದು ನಕ್ಷೆಯ ಕೆಲಸ. ಇಲ್ಲಿಂದ ಅಲ್ಲಿಗೆ ಹೇಗೆ ಹೋಗೋದು ಅಂತ ಲೆಕ್ಕ ಹಾಕೋದು ಸಾಫ್ಟ್‌ವೇರ್ ಕೆಲಸ. ಉಪಗ್ರಹಕ್ಕೆ ಹೊಸದುರ್ಗವೂ ಗೊತ್ತಿಲ್ಲ, ನ್ಯೂಯಾರ್ಕೂ ಗೊತ್ತಿಲ್ಲ. ಅಮೆರಿಕ ಸರ್ಕಾರ ಬೇಕಂತಲೇ ಸೇರಿಸುತ್ತಿದ್ದ ದೋಷವನ್ನು 2000ದ ಮೇ ತಿಂಗಳಲ್ಲಿ ತೆಗೆದುಹಾಕಿದ ಮೇಲೆ ಸಾಮಾನ್ಯ ರಿಸೀವರ್ ಕೂಡ ಸಾಕಷ್ಟು ಚೆನ್ನಾಗಿ ಕೆಲಸ ಮಾಡುತ್ತೆ. ಬಯಲಿನಲ್ಲಿ ನಿಮ್ಮ ಫೋನಿನ ತಪ್ಪು ಸುಮಾರು ಐದು ಮೀಟರ್. ಅಂದ್ರೆ ದುಬಾರಿ ಡಬ್ಬಿಗೆ ಕೊಡುವ ದುಡ್ಡು ಬಹುಪಾಲು ಹೋಗೋದು ಸ್ಕ್ರೀನಿಗೆ, ಕವಚಕ್ಕೆ, ಬ್ಯಾಟರಿಗೆ, ಬ್ರ್ಯಾಂಡಿಗೆ. ದಾರಿ ತಪ್ಪಿಸೋದು ಮಾತ್ರ ಸಾಮಾನ್ಯವಾಗಿ ನಕ್ಷೆ.

ಇನ್ನೊಂದು ಸ್ಟಿಕ್ಕರ್ ಈಚೆಗೆ ಶುರುವಾಗಿದೆ: 'ನಾವಿಕ್ ಸಪೋರ್ಟ್ ಇದೆ ಸಾರ್, ನಮ್ಮ ಇಸ್ರೋದು'. ಇಸ್ರೋ ಮೇಲೆ ನನಗೂ ಅಭಿಮಾನ ಇದೆ. ಆದರೆ ಅಭಿಮಾನಕ್ಕೆ ಎರಡು ಸಾವಿರ ಹೆಚ್ಚು ಕೊಡೋ ಮುಂಚೆ ಇದು ತಿಳಕೊಳ್ಳಿ. 2013ರಿಂದ ಹಾರಿಸಿದ ಮೊದಲ ಸರಣಿಯ ಉಪಗ್ರಹಗಳಲ್ಲಿ ಹಲವುಗಳ ಪರಮಾಣು ಗಡಿಯಾರ ಕೆಟ್ಟವು. ಸಾಮಾನ್ಯ ಫೋನುಗಳು ಬಳಸೋ ಎಲ್1 ತರಂಗಾಂತರ ಬಂದದ್ದು 2023ರ ಎನ್‌ವಿಎಸ್-01ರಿಂದ. 2025ರ ಜನವರಿಯಲ್ಲಿ ಹಾರಿಸಿದ ಎನ್‌ವಿಎಸ್-02 ಉದ್ದೇಶಿಸಿದ ಕಕ್ಷೆ ತಲುಪಲಿಲ್ಲ. ನಾವಿಕ್ ಇದ್ದರೆ ಒಳ್ಳೇದೇ. ಅದಕ್ಕೇ ಅಂತ ಫೋನ್ ಬದಲಾಯಿಸಬೇಡಿ.

ಸರಿ, ಹಾಗಾದ್ರೆ ಏನು ತಗೋಬೇಕು? ನಮ್ಮ ಜಿಲ್ಲೆಯ ನಾಲ್ಕು ತಾಲ್ಲೂಕು ಸುತ್ತಿದರೆ ನಾಲ್ಕು ಬೇರೆ ಬೇರೆ ಉತ್ತರ ಸಿಗುತ್ತೆ.

ಬೆಂಗಳೂರಿಂದ ಹೊರಟರೆ ಮೊದಲು ಸಿಗೋದು ಹಿರಿಯೂರು. ಅಲ್ಲೀವರೆಗೆ ಹೆದ್ದಾರಿ 48. ಈ ದಾರಿಗೆ ಜಿಪಿಎಸ್ ಬೇಕು ಅನ್ನೋದೇ ತಮಾಷೆ. ಬೋರ್ಡು ಓದೋಕೆ ಬಂದರೆ ಸಾಕು. ಆದರೂ ಬೇಕು ಅಂದ್ರೆ ಕೈಯಲ್ಲಿರೋ ಫೋನು, ನಾನೂರು ರೂಪಾಯಿಯ ಸ್ಟ್ಯಾಂಡು, ಒಂದು ನೆಟ್ಟಗಿರೋ ಕಾರ್ ಚಾರ್ಜರ್. ಸ್ಟ್ಯಾಂಡನ್ನು ಗಾಜಿನ ಮೇಲೆ ಹಾಕಬೇಡಿ, ಎಸಿ ಗಾಳಿ ಬರೋ ಕಡೆ ಹಾಕಿ. ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ಗಾಜಿನ ಹತ್ತಿರ ಇಟ್ಟ ಫೋನು ಕಾದು ತಾನೇ ಆಫ್ ಆಗುತ್ತೆ.

ಹೆದ್ದಾರಿ ಬಿಟ್ಟು ವಾಣಿವಿಲಾಸಪುರದ ಕಡೆ ಗುಡ್ಡದ ಸಂದಿಗೆ ತಿರುಗಿದ ಮೇಲೆ ಅಸಲಿ ಪರೀಕ್ಷೆ. ನೆಟ್‌ವರ್ಕ್ ಬಂದೂ ಹೋಗೂ ಮಾಡುತ್ತೆ. "ನೆಟ್‌ವರ್ಕ್ ಇಲ್ಲ, ಜಿಪಿಎಸ್ ಕೆಲಸ ಮಾಡ್ತಿಲ್ಲ" ಅಂತ ಫೋನ್ ಮಾಡಿದ ಇಂಜಿನಿಯರುಗಳನ್ನು ನಾನೇ ಎಣಿಸಿದ್ದೀನಿ. ಜಿಪಿಎಸ್‌ಗೆ ನೆಟ್‌ವರ್ಕ್ ಬೇಕಿಲ್ಲ ಸ್ವಾಮಿ. ಅದು ಆಕಾಶದಿಂದ ಕೇಳಿಸಿಕೊಳ್ಳುತ್ತೆ ಅಷ್ಟೇ. ನೆಟ್‌ವರ್ಕ್ ಬೇಕಾಗಿರೋದು ನಕ್ಷೆ ಇಳಿಸಿಕೊಳ್ಳೋಕೆ. ಮೊದಲ ಸಲ ಜಾಗ ಹಿಡಿಯೋಕೆ ನೆಟ್‌ವರ್ಕ್ ಇದ್ದರೆ ಬೇಗ ಆಗುತ್ತೆ, ಇಲ್ಲದಿದ್ದರೆ ಸ್ವಲ್ಪ ಕಾಯಬೇಕು. ಮನೆಯ ವೈಫೈನಲ್ಲೇ ಇಡೀ ಜಿಲ್ಲೆಯ ಆಫ್‌ಲೈನ್ ಮ್ಯಾಪ್ ಇಳಿಸಿಕೊಂಡು ಬಂದರೆ ಖರ್ಚು ಸೊನ್ನೆ. ಹದಿನೈದು ಸಾವಿರದ ಡಬ್ಬಿ ಮಾಡೋ ಕೆಲಸದ ಮುಕ್ಕಾಲು ಪಾಲು ಅಲ್ಲಿಗೆ ಮುಗೀತು.

ಯಾವ ಡಬ್ಬಿಯೂ ಮಾಡದ ಕೆಲಸವೂ ಒಂದಿದೆ. 1907ರಲ್ಲಿ ಕಟ್ಟಿ ಮುಗಿದ ಮಾರಿಕಣಿವೆ ಜಲಾಶಯ 1933ರಲ್ಲಿ ಕೋಡಿ ಬಿದ್ದಿತ್ತು. ಮತ್ತೆ ಬಿದ್ದಿದ್ದು 2022ರ ಸೆಪ್ಟೆಂಬರಿನಲ್ಲಿ, ಆಮೇಲೆ 2025ರ ಜನವರಿಯಲ್ಲಿ. ಎಂಬತ್ತೊಂಬತ್ತು ವರ್ಷ ಬರದ ನೀರು ಬಂದಾಗ ವೇದಾವತಿಯ ಯಾವ ತಗ್ಗು ಸೇತುವೆ ದಾಟಬಹುದು, ಯಾವುದು ದಾಟಬಾರದು ಅಂತ ಹೇಳೋಕೆ ದಂಡೆ ಮೇಲೆ ನಿಂತ ಮನುಷ್ಯನೇ ಬೇಕು. ಗಾಜು ಇಳಿಸಿ ಕೇಳಿ. ಕೇಳೋಕೆ ನಾಚಿಕೆ ಅಂತ ಡಬ್ಬಿ ಕೊಳ್ಳುವವರನ್ನು ನಾನು ನೋಡಿದ್ದೀನಿ.

ಮುಂದೆ ಚಿತ್ರದುರ್ಗ. ಇಲ್ಲಿ 'ಫೋನೇ ಸಾಕು' ಅನ್ನೋ ಪಂಗಡದವರಿಗೂ ಎರಡು ಮಾತು ಹೇಳಬೇಕು. ಏಳುಸುತ್ತಿನ ಕೋಟೆಯ ಬಂಡೆಗಳ ನಡುವೆ ನಿಂತು ಫೋನ್ ನೋಡಿ. ನೀಲಿ ಚುಕ್ಕಿ ಕುಣಿಯುತ್ತೆ. ಆಕಾಶ ಅರ್ಧ ಮುಚ್ಚಿರುತ್ತೆ, ಸಂಕೇತ ಕಲ್ಲಿಗೆ ಬಡಿದು ಸುತ್ತಿಕೊಂಡು ಬರುತ್ತೆ, ಲೆಕ್ಕ ತಪ್ಪುತ್ತೆ. ಬೆಂಗಳೂರಿನ ಎತ್ತರದ ಕಟ್ಟಡಗಳ ನಡುವೆ ಕ್ಯಾಬ್ ಪಕ್ಕದ ರಸ್ತೆಯಲ್ಲಿ ನಿಲ್ಲೋದು ಇದೇ ಕಾರಣಕ್ಕೆ. ಕೋಟೆಯಲ್ಲಿ ದಾರಿ ತಪ್ಪಿದರೆ ಯಾರಾದರೂ ಸಿಕ್ತಾರೆ. ಜೋಗಿಮಟ್ಟಿಯ ಕಾಡಿನಲ್ಲಿ ಸಿಗೋದು ಕರಡಿ. ಅರಣ್ಯ ಇಲಾಖೆಯ ಅನುಮತಿ ತಗೊಂಡು ದಿನವಿಡೀ ನಡೆಯುವವರು ನೀವಾದರೆ, ವರ್ಷಕ್ಕೆ ಏಳೆಂಟು ಸಲ ಇಂಥ ಕಡೆ ಹೋಗುವವರಾದರೆ, ಕೈಯಲ್ಲಿ ಹಿಡಿಯೋ ಟ್ರೆಕ್ಕಿಂಗ್ ಜಿಪಿಎಸ್ ಖಂಡಿತ ತಗೊಳ್ಳಿ. ನೋಡಬೇಕಾದ್ದು ಮೂರೇ: ಪೆಟ್ಟಿಗೆ ಅಂಗಡೀಲೂ ಸಿಗೋ ಪೆನ್‌ಸೆಲ್ ಹಾಕಬಹುದಾ, ನೀರು ಬಿದ್ದರೆ ತಡೆಯುತ್ತಾ, ಬಿಸಿಲಿನಲ್ಲಿ ಸ್ಕ್ರೀನ್ ಕಾಣುತ್ತಾ. ಬಣ್ಣದ ಟಚ್ ಸ್ಕ್ರೀನಿಗೆ ಮನಸೋಲಬೇಡಿ. ವರ್ಷಕ್ಕೆ ಒಂದೇ ಸಲ ಹೋಗೋದಾದ್ರೆ ಗೆಳೆಯನದ್ದು ಎರವಲು ತಗೊಳ್ಳಿ.

ಒಂದು ಎಚ್ಚರಿಕೆ. ಉಪಗ್ರಹದ ಮೂಲಕ ಮೆಸೇಜ್ ಕಳಿಸೋ ಗಾರ್ಮಿನ್ ಇನ್‌ರೀಚ್ ತರಹದ ಸಾಧನವನ್ನು ಅಮೆರಿಕದಿಂದ ಬರೋ ಸ್ನೇಹಿತನ ಕೈಲಿ ತರಿಸಬೇಡಿ. ಭಾರತದಲ್ಲಿ ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಅದನ್ನು ಇಟ್ಟುಕೊಳ್ಳೋದು ಕಾನೂನುಬಾಹಿರ. ಏರ್‌ಪೋರ್ಟಿನಲ್ಲೇ ಸಿಕ್ಕಿಬಿದ್ದ ವಿದೇಶಿಯರ ಸುದ್ದಿ ನೀವೂ ಓದಿರಬಹುದು.

ಹೊಳಲ್ಕೆರೆಯಲ್ಲಿ ಬೇರೆಯೇ ಸಮಸ್ಯೆ. ಅಲ್ಲಿ ದಾರಿ ಯಾರಿಗೂ ತಪ್ಪಲ್ಲ, ಬದು ತಪ್ಪುತ್ತೆ. ಅಡಿಕೆಗೆ ಬೆಲೆ ಬಂದ ಮೇಲೆ ಒಂದೊಂದು ಅಡಿ ಜಾಗಕ್ಕೂ ಜಗಳ. ಬೆಂಗಳೂರಿನಿಂದ ವಾರಾಂತ್ಯಕ್ಕೆ ಹೋದ ಮಗ ಫೋನ್ ಹಿಡಕೊಂಡು ತೋಟದ ಸುತ್ತ ಒಂದು ಸುತ್ತು ನಡೆದು, "ಅಪ್ಪಾ, ಆ ಪಕ್ಕದೋನು ಮೂರು ಗುಂಟೆ ಒತ್ತುವರಿ ಮಾಡಿದಾನೆ" ಅಂತ ಘೋಷಣೆ ಮಾಡ್ತಾನೆ. ಅವನು ಬೆಂಗಳೂರಿಗೆ ವಾಪಸ್ ಬರ್ತಾನೆ, ಜಗಳ ಅಲ್ಲೇ ಉಳಿಯುತ್ತೆ.

ಲೆಕ್ಕ ಹಾಕೋಣ. ಒಂದು ಗುಂಟೆ ಅಂದ್ರೆ 33 ಅಡಿಗೆ 33 ಅಡಿ, ಹತ್ತು ಮೀಟರ್ ಬದಿಯ ಚೌಕ. ಫೋನಿನ ತಪ್ಪು ಸುಮಾರು ಐದು ಮೀಟರ್. ಒಂದು ಎಕರೆ ಚೌಕದ ಹೊಲದ ಒಂದು ಬದಿ ಸುಮಾರು 64 ಮೀಟರ್. ಆ ಒಂದು ಬದಿ ಮಾತ್ರ ಐದು ಮೀಟರ್ ಆಚೀಚೆ ಆದರೂ ಮೂರು ಗುಂಟೆ ಹೋಯ್ತು. ಒಂಬತ್ತು ಅಡಿ ಅಂತರದಲ್ಲಿ ನೆಟ್ಟರೆ ಅದು ನಲವತ್ತು ಅಡಿಕೆ ಮರ. ಪಕ್ಕದವನು ಒತ್ತುವರಿ ಮಾಡಿಲ್ಲದೇ ಇರಬಹುದು, ನಿಮ್ಮ ಫೋನು ಮಾಡಿರಬಹುದು! ಸರ್ಕಾರದ ದಿಶಾಂಕ್ ಆ್ಯಪ್ ಒಳ್ಳೇದು, ನಿಂತ ಜಾಗ ಯಾವ ಸರ್ವೆ ನಂಬರಿನಲ್ಲಿ ಬರುತ್ತೆ ಅಂತ ಅಂದಾಜು ತಿಳಿಯೋಕೆ. ಜಮೀನು ಕೊಳ್ಳೋ ಮುಂಚೆ ನೋಡಿ. ಬದು ಕಡಿಯೋಕೆ ಅದನ್ನು ಬಳಸಬೇಡಿ. ಹದ್ದುಬಸ್ತಿಗೆ ಅರ್ಜಿ ಹಾಕಿ. ಸರ್ವೆ ಇಲಾಖೆಗೆ ಈಗ ಬರ್ತಿರೋ ರೋವರ್ ಸೆಂಟಿಮೀಟರ್ ಲೆಕ್ಕದಲ್ಲಿ ಅಳೆಯುತ್ತೆ, ಅದರ ಹಿಂದೆ ಸ್ಥಿರ ಕೇಂದ್ರಗಳ ಜಾಲ ಇದೆ. ಅದನ್ನು ನೀವು ಕೊಳ್ಳಬೇಕಾಗಿಲ್ಲ, ಅರ್ಜಿಯ ಶುಲ್ಕ ಕಟ್ಟಿದರೆ ಸಾಕು. ಕಾಯಬೇಕಾಗುತ್ತೆ ನಿಜ, ಆದರೆ ಕೋರ್ಟಿನಲ್ಲಿ ಕಾಯೋದಕ್ಕಿಂತ ಕಡಿಮೆ.

ಟ್ರ್ಯಾಕ್ಟರ್ ಕಳುವಾಗಬಾರದು, ಬೋರ್‌ವೆಲ್ ಲಾರಿ ಎಲ್ಲಿದೆ ತಿಳೀಬೇಕು ಅನ್ನೋದು ಮತ್ತೊಂದು ಅಗತ್ಯ. ಅದಕ್ಕೆ ಬೇಕಾದ್ದು ಸಿಮ್ ಹಾಕೋ ಟ್ರ್ಯಾಕರ್. ಅದು ನಿಮಗೆ ದಾರಿ ತೋರಿಸಲ್ಲ, ಗಾಡಿ ಎಲ್ಲಿದೆ ಅಂತ ಹೇಳುತ್ತೆ. ಕೊಳ್ಳೋ ಮುಂಚೆ ಗಾಡಿ ಓಡಾಡೋ ಕಡೆ ಯಾವ ಸಿಮ್ಮಿಗೆ ನೆಟ್‌ವರ್ಕ್ ಇದೆ ನೋಡಿಕೊಳ್ಳಿ.

ಕೊನೆಗೆ ಹೊಸದುರ್ಗ, ನಮ್ಮ ತಾಲ್ಲೂಕು. ಹೆಸರಿನ ಗೊಂದಲ ಕೇರಳಕ್ಕೆ ಮುಗಿಯಲ್ಲ. ಹೊಸದುರ್ಗ ರೋಡ್ ಅಂತ ರೈಲ್ವೆ ಸ್ಟೇಷನ್ ಇದೆ. ಅಲ್ಲಿಳಿದು ಊರು ಎಲ್ಲಿ ಅಂತ ಹುಡುಕಿದವರಿದ್ದಾರೆ. ಸ್ಟೇಷನ್ನಿನ ಹೆಸರಿನಲ್ಲಿ 'ರೋಡ್' ಇದ್ದರೆ ಊರು ದೂರ ಅಂತ ಹಳಬರಿಗೆ ಗೊತ್ತು, ಫೋನಿಗೆ ಗೊತ್ತಿಲ್ಲ. ಹಟ್ಟಿಗಳದ್ದಂತೂ ಕೇಳಲೇಬೇಡಿ. ನಾಲ್ಕೂ ತಾಲ್ಲೂಕಿನಲ್ಲಿ ಗೊಲ್ಲರಹಟ್ಟಿಗಳಿವೆ, ತಾಂಡಾಗಳಿವೆ, ಹೊಸಹಟ್ಟಿಗಳಿವೆ. ಇಂಥ ಊರಿನ ಗೊಲ್ಲರಹಟ್ಟಿ ಅಂತ ಊರಿನ ಹೆಸರು ಸೇರಿಸಿ ಹೇಳಿದರೆ ಮಾತ್ರ ಗುರುತು. ಎಷ್ಟೋ ಹಟ್ಟಿ ತಾಂಡಾಗಳು ಬಹಳ ಕಾಲ ಕಂದಾಯ ಗ್ರಾಮ ಅಂತಲೇ ಲೆಕ್ಕಕ್ಕೆ ಇರಲಿಲ್ಲ. ಸರ್ಕಾರದ ದಾಖಲೆಯಲ್ಲೇ ಇಲ್ಲದ್ದು ಕಂಪನಿಯ ನಕ್ಷೆಗೆ ಎಲ್ಲಿಂದ ಬರಬೇಕು?

ಆರೇಳು ವರ್ಷದ ಹಿಂದೆ ಒಂದು ರಾತ್ರಿ ಅಮ್ಮ ಫೋನ್ ಮಾಡಿದಳು. ಅಪ್ಪ ಅಂಗಳದಲ್ಲಿ ಬಿದ್ದಿದ್ದಾನೆ, ಮಾತು ತೊದಲ್ತಾ ಇದೆ, ಬಲಗೈ ಎತ್ತೋಕೆ ಆಗ್ತಿಲ್ಲ. ನಾನು ಬೆಂಗಳೂರಿನಲ್ಲಿದ್ದೆ. ಆಂಬುಲೆನ್ಸ್‌ಗೆ ಫೋನ್ ಮಾಡಿ ಹಟ್ಟಿಯ ಹೆಸರು ಹೇಳಿದೆ. ಡ್ರೈವರ್ ಹೆಸರನ್ನು ಫೋನಿನ ಮ್ಯಾಪಿಗೆ ಹಾಕಿದ. ಮ್ಯಾಪು ಅವನನ್ನು ಪಕ್ಕದ ತಾಲ್ಲೂಕಿನಲ್ಲಿರೋ ಅದೇ ಹೆಸರಿನ ಇನ್ನೊಂದು ಹಟ್ಟಿಗೆ ಕರಕೊಂಡು ಹೋಯ್ತು. ಅಲ್ಲಿ ಅವನು ಬಾಗಿಲು ಬಡಿದು ಕೇಳಿದಾಗಲೇ ಗೊತ್ತಾಗಿದ್ದು. ಕೊನೆಗೆ ಪಕ್ಕದ ಮನೆ ಹುಡುಗ ಬೈಕ್ ತಗೊಂಡು ಡಾಂಬರು ರಸ್ತೆಯ ಕ್ರಾಸಿನಲ್ಲಿ ನಿಂತು ದಾರಿ ತೋರಿಸಿದ. ನಲವತ್ತು ನಿಮಿಷ ಹೋಗಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ: "ಶುರುವಾಗಿ ಎಷ್ಟು ಹೊತ್ತಾಯ್ತು?" ಮೆದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದನ್ನು ಕರಗಿಸೋ ಇಂಜೆಕ್ಷನ್ ನಾಲ್ಕೂವರೆ ಗಂಟೆಯ ಒಳಗೆ ಕೊಡಬೇಕು, ಎಷ್ಟು ಬೇಗ ಕೊಟ್ಟರೆ ಅಷ್ಟು ಒಳ್ಳೇದು. ನಮ್ಮದು ದಾಟಿತ್ತು. ಅಪ್ಪ ಬದುಕಿದ. ಈಗ ಎಡಗೈಯಲ್ಲಿ ಊಟ ಮಾಡ್ತಾನೆ. ಆ ನಲವತ್ತು ನಿಮಿಷ ಉಳಿದಿದ್ದರೆ ಬಲಗೈ ಉಳೀತಿತ್ತಾ? ಯಾವ ಡಾಕ್ಟರೂ ಹೇಳಲಿಲ್ಲ, ನಾನೂ ಮತ್ತೆ ಕೇಳಲಿಲ್ಲ.

ಮೊದಮೊದಲು ಡ್ರೈವರ್ ಮೇಲೆ ಸಿಟ್ಟಿತ್ತು, ಆಮೇಲೆ ಮ್ಯಾಪಿನ ಮೇಲೆ. ಡ್ರೈವರ್ ಮಾಡಿದ್ದು ಸರಿ. ಮ್ಯಾಪು ತನಗೆ ಗೊತ್ತಿರುವ ಒಂದೇ ಹಟ್ಟಿ ತೋರಿಸಿತು. ಎರಡನೆಯದು ಇದೆ ಅಂತ ಅದಕ್ಕೆ ಯಾರು ಹೇಳಬೇಕಿತ್ತು? ಆಗಲೇ ನನ್ನ ನೌಕರಿಗೆ ಎಷ್ಟೋ ವರ್ಷ ಆಗಿತ್ತು. ದಿನಾ ಡೇಟಾ ಅನ್ನೋ ಪದವನ್ನು ಐವತ್ತು ಸಲ ಬಳಸ್ತಿದ್ದೆ. ಕೆಟ್ಟ ಡೇಟಾ ಒಳಗೆ ಹೋದರೆ ಕೆಟ್ಟ ಉತ್ತರ ಹೊರಗೆ ಬರುತ್ತೆ ಅಂತ ಜೂನಿಯರ್‌ಗಳಿಗೆ ಪಾಠ ಮಾಡ್ತಿದ್ದೆ. ಕೋರಮಂಗಲದ ಹೋಟೆಲುಗಳಿಗೆ ಸ್ಟಾರ್ ಕೊಟ್ಟು, ಫೋಟೋ ಹಾಕಿ, ಅದೇ ಮ್ಯಾಪಿನಲ್ಲಿ ಲೆವೆಲ್ ಏರಿಸ್ಕೊಂಡಿದ್ದೆ. ನಮ್ಮ ಹಟ್ಟಿಯ ಮೇಲೆ ಒಂದು ಚುಕ್ಕಿ ಇಟ್ಟಿರಲಿಲ್ಲ.

ಇದೇ ಜಿಲ್ಲೆಯ ಚಳ್ಳಕೆರೆ ಹತ್ತಿರದ ರನ್‌ವೇ ಮೇಲೆ 2023ರ ಏಪ್ರಿಲ್ 2ರಂದು ಇಸ್ರೋದ ರೆಕ್ಕೆಯ ವಾಹನವೊಂದು ಇಳಿಯಿತು. ಹೆಲಿಕಾಪ್ಟರ್ ನಾಲ್ಕೂವರೆ ಕಿಲೋಮೀಟರ್ ಎತ್ತರದಿಂದ ಬಿಟ್ಟ ಮೇಲೆ ಪೈಲಟ್ ಇಲ್ಲದೆ, ತಾನೇ ದಾರಿ ಹಿಡಿದು ಬಂತು. ಆಕಾಶದ ಕಡೆಯಿಂದ ನಮಗೆ ಯಾವ ಕೊರತೆಯೂ ಇಲ್ಲ. ನೆಲದ ಮೇಲೆ ಹೆಸರು ಬರೆಯೋ ಕೆಲಸ ಬಾಕಿ ಇದೆ, ಅದನ್ನು ಯಾವ ಕಂಪನಿಯೂ ಮಾಡಲ್ಲ. ಜಾಹೀರಾತು ಸಿಗೋ ಕಡೆ ನಕ್ಷೆ ಚೆನ್ನಾಗಿರುತ್ತೆ. ನಮ್ಮ ಹಟ್ಟಿಯಲ್ಲಿ ಜಾಹೀರಾತು ಕೊಡೋ ಅಂಗಡಿ ಇಲ್ಲ.

"ಕಂಪನಿಗೆ ನಾವ್ಯಾಕೆ ಬಿಟ್ಟಿ ಕೆಲಸ ಮಾಡಬೇಕು?" ಅಂತ ಕೇಳುವವರಿದ್ದಾರೆ, ನ್ಯಾಯವಾದ ಪ್ರಶ್ನೆ. ಹಾಗಿದ್ರೆ ಓಪನ್‌ಸ್ಟ್ರೀಟ್‌ಮ್ಯಾಪಿನಲ್ಲಿ ಹಾಕಿ. 2004ರಿಂದ ಇರೋ ಎಲ್ಲರ ನಕ್ಷೆ ಅದು. ಯಾರು ಬೇಕಾದರೂ ತಿದ್ದಬಹುದು, ಯಾರು ಬೇಕಾದರೂ ಬಳಸಬಹುದು, ಊರಿನ ಹೆಸರನ್ನು ಕನ್ನಡದಲ್ಲೇ ಬರೆಯಬಹುದು. ಆಂಬುಲೆನ್ಸ್ ಡ್ರೈವರ್ ಬಳಸೋದು ಇನ್ನೊಂದು ಮ್ಯಾಪಲ್ವಾ ಅಂದ್ರೆ, ಅಲ್ಲೂ ಹಾಕಿ. ಬಿಟ್ಟಿ ಕೆಲಸದ ಸಿದ್ಧಾಂತ ಚರ್ಚೆ ಮಾಡೋಕೆ ಅಪ್ಪಂದಿರು ಅಂಗಳದಲ್ಲಿ ಬಿದ್ದಿರೋ ಹೊತ್ತು ಸೂಕ್ತವಲ್ಲ. ನನಗೆ ಹಿಡಿದದ್ದು ಒಂದು ಭಾನುವಾರ. ಹಟ್ಟಿ, ಕ್ರಾಸು, ಕೆರೆ ಏರಿ ಮೇಲಿನ ದಾರಿ, ಮಳೆಗಾಲದಲ್ಲಿ ಬಂದ್ ಆಗೋ ಹಳ್ಳದ ದಾರಿ, ಶಾಲೆ, ದೇವಸ್ಥಾನ. ಎಲ್ಲವನ್ನೂ ಹಾಕಿದೆ. ಪಕ್ಕದ ಹಟ್ಟಿಯದ್ದನ್ನೂ ಹಾಕಿದೆ, ಯಾಕಂದ್ರೆ ಅಲ್ಲಿಯ ಇಂಜಿನಿಯರ್ ಹುಡುಗ ಈಗ ಕೆನಡಾದಲ್ಲಿದ್ದಾನೆ.

ಅದಾದ ಮೇಲೆ ಮಾಡಿದ ಇನ್ನೊಂದು ಕೆಲಸಕ್ಕೆ ಖರ್ಚಾಗಿದ್ದು ಒಂದು ಸಣ್ಣ ಡಬ್ಬಿ ಪೇಂಟಿನ ದುಡ್ಡು. ಅಂಗಳದಲ್ಲಿ ನಿಂತು ಫೋನಿನಲ್ಲಿ ಬಂದ ಎರಡು ಸಂಖ್ಯೆ ಬರಕೊಂಡೆ. ಒಂದು 13ರಿಂದ ಶುರುವಾಗುತ್ತೆ, ಇನ್ನೊಂದು 76ರಿಂದ. ಚುಕ್ಕಿಯ ನಂತರ ಐದು ಅಂಕಿ ಬರೆದರೆ ಒಂದು ಮೀಟರಿನಷ್ಟು ಜಾಗ ಗುರುತಿಸಬಹುದು. ಫೋನಿಗೆ ಅಷ್ಟು ನಿಖರತೆ ಇಲ್ಲದಿದ್ದರೂ ಅಂಗಳದ ತನಕ ಬಂದರೆ ಸಾಕಲ್ಲ. ಅಂಚೆ ಇಲಾಖೆ 2025ರ ಮೇ ತಿಂಗಳಲ್ಲಿ ತಂದ ಡಿಜಿಪಿನ್ ಕೂಡ ಇದೇ ಕೆಲಸಕ್ಕೆ. ಹತ್ತು ಅಕ್ಷರದಲ್ಲಿ ಸುಮಾರು ನಾಲ್ಕು ಮೀಟರ್ ಚೌಕವನ್ನು ಗುರುತಿಸುತ್ತೆ. ಎರಡನ್ನೂ ಕರೆಂಟ್ ಮೀಟರಿನ ಪಕ್ಕ ಗೋಡೆ ಮೇಲೆ ಬರೆದೆ, ಅಮ್ಮನ ಫೋನಿನಲ್ಲೂ ಮೆಸೇಜ್ ಮಾಡಿ ಇಟ್ಟೆ.

ಆದ್ದರಿಂದ ಮುಂದಿನ ಸಲ ನನ್ನ ಡೆಸ್ಕಿಗೆ ಬರೋರಿಗೆ ಉತ್ತರ ಹೀಗಿರುತ್ತೆ. ಹೆದ್ದಾರಿಗೆ ನಿನ್ನ ಫೋನು. ನೆಟ್‌ವರ್ಕ್ ಇಲ್ಲದ ಕಡೆಗೆ ಆಫ್‌ಲೈನ್ ಮ್ಯಾಪು. ಕಾಡಿಗೆ ಸೆಲ್ ಹಾಕೋ ಜಿಪಿಎಸ್, ಅದೂ ಪದೇಪದೇ ಹೋಗೋದಾದ್ರೆ. ಬದುವಿಗೆ ಸರ್ವೆಯರ್. ಗಾಡಿಗೆ ಟ್ರ್ಯಾಕರ್. ಉಳಿದ ದುಡ್ಡು ನಿನ್ನ ಹತ್ತಿರವೇ ಇರಲಿ, ಪೆಟ್ರೋಲಿಗಾಗುತ್ತೆ. ಹೊರಡೋ ಮುಂಚೆ ಒಂದು ಸಲ ನಿಮ್ಮಪ್ಪ ಅಮ್ಮ ಇರೋ ಊರಿನ ಹೆಸರನ್ನು ಮ್ಯಾಪಿನಲ್ಲಿ ಹುಡುಕಿ ನೋಡು. ಮನೆ ಬಾಗಿಲಿನ ತನಕ ದಾರಿ ತೋರಿಸುತ್ತಾ? ಇಲ್ಲ ಅಂದ್ರೆ ಈ ರಜೆಯಲ್ಲಿ ನಮ್ಮೂರಿಗೆ ಬೇಡ, ನಿಮ್ಮೂರಿಗೆ ಹೋಗು.

ಗೋಡೆ ಮೇಲೆ ಬರೆದ ಮಾರನೇ ದಿನ ಅಪ್ಪ ಅದರ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಿದ. ಅವನ ಮಾತು ಈಗಲೂ ಸ್ವಲ್ಪ ತೊದಲು. ಹಳೇ ಪ್ರಶ್ನೆಯನ್ನೇ ಕೇಳಿದ: "ಇದಕ್ಕೆ ಎಷ್ಟು ಕೊಟ್ಟೆ?"